ಸೋರೆಬುರುಡೆಯೊಳಗಿನ ನಿದ್ದೆ

ಹಕ್ಕಿ ರಾತ್ರಿ ಎಲ್ಲಿ ಮಲಗುತ್ತದೆ ಅಂತ ಯಾರನ್ನಾದರೂ ಕೇಳಿ ನೋಡಿ. ಮುಕ್ಕಾಲು ಪಾಲು ಜನ ‘ಗೂಡಿನಲ್ಲಿ’ ಅನ್ನುತ್ತಾರೆ. ಮಕ್ಕಳ ಪುಸ್ತಕಗಳಲ್ಲೂ ಅದೇ ಚಿತ್ರ. ಮೇಲೆ ಚಂದ್ರ, ಕೆಳಗೆ ಕೊಂಬೆ, ಕೊಂಬೆಯ ಮೇಲೆ ಗೂಡು, ಗೂಡಿನಲ್ಲಿ ಕಣ್ಣು ಮುಚ್ಚಿದ ಗುಬ್ಬಿ. ಈ ಚಿತ್ರ ಕಂಡಾಗಲೆಲ್ಲ ನನಗೆ ಸುಮ್ನಿರೋಕೆ ಆಗುವುದಿಲ್ಲ. ಗೂಡು ಹಕ್ಕಿಯ ಮನೆಯಲ್ಲ, ತೊಟ್ಟಿಲು. ಮಗು ಬೆಳೆದ ಮೇಲೆ ತೊಟ್ಟಿಲು ಅಟ್ಟ ಸೇರುತ್ತದೆ, ಅಲ್ವಾ? ಹಾಗೆಯೇ ಮರಿ ಹಾರಿದ ಮೇಲೆ ಗೂಡಿನ ಕೆಲಸ ಮುಗಿಯಿತು. ಕಾಗೆ, ಬೆಳ್ಳಕ್ಕಿ, ಗೊರವಂಕ ಇವೆಲ್ಲ ಸಂಜೆ ಗುಂಪಾಗಿ ಬಂದು ಮಲಗುವುದು ಮರದ ಕೊಂಬೆಯ ಮೇಲೆ.

ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ವಾದವನ್ನೂ ಮಾಡಿದ್ದೇನೆ. ಆಮೇಲೆ ಒಂದು ಹಿತ್ತಿಲು ನನ್ನ ಮಾತನ್ನು ಅರ್ಧ ತಿದ್ದಿತು.

ಅಕ್ಕನ ಮನೆ ಇರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್ ಹತ್ತಿರ. ಕೆಲವು ವರ್ಷಗಳ ಹಿಂದೆ ಮಾರ್ಚ್‌ನಿಂದ ಜುಲೈವರೆಗೆ ಅಲ್ಲಿದ್ದೆ. ಬೇಲಿಯಾಚೆ ನಿವೃತ್ತರೊಬ್ಬರ ಹಿತ್ತಿಲು. ನಡುವೆ ಎತ್ತರದ ಕಂಬ, ಕಂಬದ ತುದಿಯಲ್ಲಿ ನಾಲ್ಕೂ ಕಡೆಗೆ ಚಾಚಿದ ಕಡ್ಡಿಗಳು, ಅವುಗಳಿಂದ ನೇತಾಡುವ ಬಿಳಿ ಬಣ್ಣ ಬಳಿದ ಬುರುಡೆಗಳು. ಹತ್ತಿರ ಹೋಗಿ ನೋಡಿದೆ. ಸೋರೆಬುರುಡೆ! ನಮ್ಮ ಹಳ್ಳಿಗಳಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರಲ್ಲ, ಬಿತ್ತನೆ ಬೀಜ ತುಂಬಿಡುತ್ತಿದ್ದರಲ್ಲ, ಅದೇ ಜಾತಿಯ ಸೋರೆ. ಪಕ್ಕದಲ್ಲಿ ಒಂದು ದುಂಡಗಿನ ತೂತು. ಕಂಬದ ನಡುವೆ ತಗಡಿನ ಸುತ್ತು. ತೆಂಗಿನ ಮರಕ್ಕೆ ಇಲಿ ಹತ್ತದ ಹಾಗೆ ನಾವು ತಗಡು ಸುತ್ತುತ್ತೇವೆ. ಅಲ್ಲಿ ಅದು ಹಾವು ಹತ್ತದಿರಲಿ ಅಂತ.

ಆ ಬುರುಡೆಗಳ ಒಕ್ಕಲು ಪರ್ಪಲ್ ಮಾರ್ಟಿನ್. ನಮ್ಮ ಅಂಬರಗುಬ್ಬಿಗಳ ಕುಟುಂಬದ ಹಕ್ಕಿ. ಉತ್ತರ ಅಮೆರಿಕದಲ್ಲಿ ಈ ಕುಟುಂಬದಲ್ಲೇ ದೊಡ್ಡದು, ಆದರೂ ತೂಕ ಸುಮಾರು 50 ಗ್ರಾಂ ಅಷ್ಟೇ. ವಯಸ್ಸಿಗೆ ಬಂದ ಗಂಡಿನ ಮೈ ಹಣ್ಣಾದ ನೇರಳೆಯ ಹಾಗೆ ಕಪ್ಪು, ಬಿಸಿಲಿಗೆ ತಿರುಗಿದರೆ ನೀಲಿ ಮಿಂಚು. ಗರಿಯಲ್ಲಿ ನೀಲಿ ಬಣ್ಣವೇನೂ ಇಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಆಡುವ ಆಟ ಅದು.

ಮಾರ್ಚ್ ತಿಂಗಳ ಒಂದು ಸಂಜೆ ಉತ್ತರದಿಂದ ಚಳಿಗಾಳಿ ನುಗ್ಗಿತು. ಬೇಲಿ ಪಕ್ಕ ಕುರ್ಚಿ ಹಾಕಿಕೊಂಡು ನಾನೂ ಪಕ್ಕದ ಮನೆಯ ಆ ನಿವೃತ್ತರೂ ಕೂತಿದ್ದೆವು. ಹೊತ್ತು ಮುಳುಗುವ ಮುಂಚೆ ಹಕ್ಕಿಗಳು ಗುಳುಗುಳು ಸದ್ದು ಮಾಡುತ್ತಾ ಬಂದವು. ಕಂಬದ ಸುತ್ತ ಎರಡು ಸುತ್ತು ಹಾಕಿದವು. ಒಂದು ಬುರುಡೆಯೊಳಗೆ ಒಂದು ಹಕ್ಕಿ ಹೋಯಿತು, ಅದರ ಹಿಂದೆ ಇನ್ನೊಂದು. ಮೂರನೆಯದು, ನಾಲ್ಕನೆಯದು, ಐದನೆಯದೂ ಅದೇ ಬುರುಡೆಗೆ! ಪಕ್ಕದಲ್ಲಿ ಖಾಲಿ ಬುರುಡೆಗಳು ಸುಮ್ಮನೆ ತೂಗಾಡುತ್ತಿದ್ದವು. ಹಗಲೆಲ್ಲ ಆ ಬುರುಡೆಯ ಬಾಗಿಲಿಗಾಗಿ ಕುಕ್ಕಾಡಿಕೊಂಡಿದ್ದ ಹಕ್ಕಿಗಳು ರಾತ್ರಿ ಒಂದೇ ಹಾಸಿಗೆ ಹಂಚಿಕೊಂಡವು. ಅಲ್ಲಿ ಮೊಟ್ಟೆ ಇಲ್ಲ, ಮರಿ ಇಲ್ಲ. ಸುಮ್ನೆ ನಿದ್ದೆಗಂತಲೇ ಬಂದದ್ದು.

ಯಾಕೆ ಹೀಗೆ? ಬಿಸಿ ರಾಗಿಮುದ್ದೆಯನ್ನು ನೆನಪಿಸಿಕೊಳ್ಳಿ. ದೊಡ್ಡ ಮುದ್ದೆ ಊಟ ಮುಗಿಯುವವರೆಗೂ ಒಳಗೆ ಬಿಸಿಯಾಗಿರುತ್ತದೆ. ಅದೇ ಮುದ್ದೆಯನ್ನು ಎಂಟು ಪುಟ್ಟ ಉಂಡೆ ಮಾಡಿ ತಟ್ಟೆಯಲ್ಲಿ ಹರಡಿಡಿ. ಸಾರು ಬಡಿಸುವಷ್ಟರಲ್ಲಿ ಆರಿರುತ್ತದೆ. ಹಿಟ್ಟು ಅಷ್ಟೇ, ಶಾಖವೂ ಅಷ್ಟೇ. ಬದಲಾದದ್ದು ಗಾಳಿ ತಾಕುವ ಮೈ. ಒಂದು ಉಂಡೆಯನ್ನು ಸಮನಾದ ಎಂಟು ಉಂಡೆ ಮಾಡಿದರೆ ಹೊರಮೈ ಸರಿಯಾಗಿ ಎರಡು ಪಟ್ಟಾಗುತ್ತದೆ. ಬುರುಡೆಯೊಳಗೆ ಹಕ್ಕಿಗಳು ಇದರ ಉಲ್ಟಾ ಮಾಡುತ್ತವೆ. ಐದು ಪುಟ್ಟ ಉಂಡೆಗಳು ಅಂಟಿಕೊಂಡು ಒಂದು ದೊಡ್ಡ ಮುದ್ದೆಯಾಗುತ್ತವೆ.

ಒಲೆಯ ಕೆಂಡವೂ ಹಾಗೆಯೇ. ಒಂಟಿ ಕೆಂಡವನ್ನು ಹೊರಗೆ ಎಳೆದಿಟ್ಟರೆ ನೋಡುತ್ತಿದ್ದಂತೆ ಕಪ್ಪಾಗುತ್ತದೆ. ನಾಲ್ಕನ್ನು ಗುಡ್ಡೆ ಮಾಡಿ ಬೂದಿ ಮುಚ್ಚಿದರೆ ಬೆಳಿಗ್ಗೆ ಕಾಫಿಗೆ ಬೆಂಕಿ ಸಿಗುತ್ತದೆ. ಅಜ್ಜಿ ದಿನಾ ಹಾಗೇ ಮಾಡುತ್ತಿದ್ದಳು. ಇಲ್ಲಿ ಕೆಂಡ ಅಂದರೆ ಹಕ್ಕಿ, ಬೂದಿ ಅಂದರೆ ಬುರುಡೆಯೊಳಗೆ ನಿಂತ ಗಾಳಿ. ಹೊರಗಿನ ಗಾಳಿ ಬೀಸಿ ಶಾಖ ಹೊತ್ತೊಯ್ಯುತ್ತದೆ, ಒಳಗಿನದು ಕಂಬಳಿಯ ಹಾಗೆ ತಡೆದು ನಿಲ್ಲಿಸುತ್ತದೆ.

ಮಾರ್ಟಿನ್‌ಗೆ ಈ ಲೆಕ್ಕ ಜೀವದ ಪ್ರಶ್ನೆ. ಅದು ಕಾಳು ತಿನ್ನುವ ಹಕ್ಕಿಯಲ್ಲ, ಹಾರುವ ಹುಳವನ್ನು ಹಾರುತ್ತಲೇ ಹಿಡಿದು ಬದುಕುತ್ತದೆ. ಚಳಿ ಹೆಚ್ಚಿದರೆ ಹುಳ ಏಳುವುದಿಲ್ಲ, ಮಳೆ ಹಿಡಿದರೂ ಏಳುವುದಿಲ್ಲ. ಅವತ್ತು ಒಲೆಗೆ ಸೌದೆ ಇಲ್ಲ. ಹಿಂದಿನ ದಿನ ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ರಾತ್ರಿ ಕಳೆಯಬೇಕು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆ ದಿನಗಟ್ಟಲೆ ಹಿಡಿದಾಗ ಪೆನ್ಸಿಲ್ವೇನಿಯಾ ಕಡೆ ಮಾರ್ಟಿನ್‌ಗಳು ಲೆಕ್ಕವಿಲ್ಲದಷ್ಟು ಸತ್ತವು, ಹಸಿವಿನಿಂದ. ಈಗ ಇಂಥ ದಿನಗಳಲ್ಲಿ ಹಿತ್ತಿಲಿನ ಒಡೆಯರು ಜೀರುಂಡೆಗಳನ್ನು ಚಮಚದಲ್ಲಿ ಇಟ್ಟು ಗಾಳಿಗೆ ಚಿಮ್ಮಿಸುತ್ತಾರೆ. ಹಕ್ಕಿ ಹಾರುತ್ತಲೇ ಕಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವರು ಅವತ್ತು ಹಾಗೆ ಮಾಡಿದ್ದನ್ನು ನಾನೇ ಕಂಡೆ. ಒಂದು ಗಂಟೆ ಅವರು ಕೈ ನಿಲ್ಲಿಸಲಿಲ್ಲ.

ರಾಕಿ ಪರ್ವತದ ಪೂರ್ವಕ್ಕಿರುವ ಮಾರ್ಟಿನ್‌ಗಳು ಈಗ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಕಟ್ಟಿದ ಬುರುಡೆ, ಪೆಟ್ಟಿಗೆಗಳಲ್ಲೇ ಮರಿ ಮಾಡುತ್ತವೆ. ಪಶ್ಚಿಮದ ಹಲವು ಮಾತ್ರ ಇನ್ನೂ ಮರಕುಟಿಗ ಕೊರೆದ ತೂತು ಹುಡುಕುತ್ತವೆ. ಅರಿಜೋನಾ ಮರುಭೂಮಿಯಲ್ಲಿ ದೈತ್ಯ ಸಾಗ್ವಾರೊ ಕಳ್ಳಿಯ ತೂತಿನಲ್ಲಿ. ಬುರುಡೆ ಕಟ್ಟುವುದನ್ನು ಶುರುಮಾಡಿದವರು ಬಿಳಿಯರಲ್ಲ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ಯುರೋಪಿನವರಿಗಿಂತ ಮೊದಲೇ ಗುಡಿಸಲ ಪಕ್ಕದ ಎಳೆಮರದ ಕೊಂಬೆಗಳನ್ನು ಸವರಿ, ಮೋಟು ಕವಲಿಗೆ ಒಂದೊಂದು ಬುರುಡೆ ತೂಗುಹಾಕುತ್ತಿದ್ದರು. 19ನೇ ಶತಮಾನದಲ್ಲಿ ಹಕ್ಕಿಗಳ ಚಿತ್ರ ಬರೆದ ಆಡುಬಾನ್ ಒಂದು ಮಾತು ಹೇಳಿದ್ದಾನೆ. ಹಳ್ಳಿಯ ಊಟದ ಮನೆಗಳ ಫಲಕದ ಮೇಲೆ ಮಾರ್ಟಿನ್ ಪೆಟ್ಟಿಗೆ ಇರುತ್ತಿತ್ತಂತೆ, ಪೆಟ್ಟಿಗೆ ಚೆನ್ನಾಗಿದ್ದಷ್ಟೂ ಆ ಊಟದ ಮನೆಯೂ ಚೆನ್ನಾಗಿರುತ್ತಿತ್ತಂತೆ. ಒಂದು ಕಾಡುಹಕ್ಕಿ ಮನುಷ್ಯರ ಅಂಗಳವನ್ನು ಇಷ್ಟು ನಂಬಿರುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಸೊಳ್ಳೆಯ ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಒಂದು ಮಾರ್ಟಿನ್ ದಿನಕ್ಕೆ 2,000 ಸೊಳ್ಳೆ ತಿನ್ನುತ್ತದೆ ಅನ್ನುವ ಪ್ರಚಾರ 1960ರ ದಶಕದಲ್ಲಿ ಅಮೆರಿಕದ ತುಂಬ ಹಬ್ಬಿತು. ಅಲ್ಯೂಮಿನಿಯಂ ಹಕ್ಕಿಮನೆಗಳ ಮಾರಾಟಕ್ಕೆ ಅದು ಬಹಳ ಅನುಕೂಲವಾಯಿತು. 1968ರಲ್ಲಿ ಹರ್ಬರ್ಟ್ ಕೇಲ್ ಎಂಬ ವಿಜ್ಞಾನಿ ಇದಕ್ಕೆ ಆಧಾರವೇ ಇಲ್ಲ ಅಂತ ತೋರಿಸಿದರು. ಸೊಳ್ಳೆ ಹೆಚ್ಚಾಗಿ ಏಳುವುದು ಕತ್ತಲಾದ ಮೇಲೆ, ನೆಲದ ಹತ್ತಿರ. ಮಾರ್ಟಿನ್ ಬೇಟೆಯಾಡುವುದು ಹಗಲು, ಮೇಲೆ ಆಕಾಶದಲ್ಲಿ. ಏರೋಪ್ಲೇನ್ ಚಿಟ್ಟೆ, ಜೀರುಂಡೆ, ರೆಕ್ಕೆ ಬಂದ ಇರುವೆ ಅದರ ಊಟ. ಸೊಳ್ಳೆ ಹೊರಡುವ ಹೊತ್ತಿಗೆ ಹಕ್ಕಿ ಬುರುಡೆಯಲ್ಲಿ ಮಲಗಿರುತ್ತದೆ. ಆದರೂ ಆ 2,000ದ ಮಾತು ಇವತ್ತಿಗೂ ಓಡಾಡುತ್ತಿದೆ. ಹಕ್ಕಿಯಿಂದ ನಮಗೇನು ಲಾಭ ಅಂತ ಕೇಳದೆ ಅದನ್ನು ಪ್ರೀತಿಸುವುದು ಅಷ್ಟೊಂದು ಕಷ್ಟವೇ?

ಏಪ್ರಿಲ್, ಮೇ ತಿಂಗಳಲ್ಲಿ ಬುರುಡೆಗಳು ನಿಜವಾದ ತೊಟ್ಟಿಲಾದವು. ಮರಿಗಳು ಹುಟ್ಟಿದ ನಾಲ್ಕು ವಾರಕ್ಕೆ ಹಾರಿದವು. ಆಮೇಲೆ ನಡೆದದ್ದು ನನಗೆ ತುಂಬಾ ಹಿಡಿಸಿತು. ಹಗಲೆಲ್ಲ ಹೊರಗೆ ಹಾರಲು ಕಲಿತ ಮರಿಗಳನ್ನು ತಂದೆತಾಯಿ ಸಂಜೆ ಮತ್ತೆ ಬುರುಡೆಗೆ ಕರೆತರುತ್ತಿದ್ದವು. ಬಾಗಿಲು ಸಿಗದೆ ಮರಿಗಳು ಅಕ್ಕಪಕ್ಕದ ಬುರುಡೆಗೆ ನುಗ್ಗುವುದು, ಅಲ್ಲಿನವು ಹೊರದಬ್ಬುವುದು, ಒಂದೇ ಗಲಾಟೆ. ಕೆಲವು ರಾತ್ರಿ ಹೀಗೆ ಕಳೆಯಿತು.

ಜೂನ್ ಕೊನೆಗೆ ಒಂದು ಸಂಜೆ ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಅಕ್ಕನಿಗೆ ಗಾಬರಿಯಾಯಿತು. “ಗೂಬೆ ಹಿಡಿದಿರಬೇಕು ಕಣೋ, ಇಲ್ಲಾ ಅಷ್ಟೂ ಹೇಗೆ ಒಂದೇ ಸಲ ಹೋಗ್ತಾವೆ?” ಅಂದಳು. ಗೂಬೆಯ ಭಯ ಸುಳ್ಳೇನಲ್ಲ. ಕೊಂಬಿನ ಗೂಬೆ ರಾತ್ರಿ ಬುರುಡೆಯ ಮೇಲೆ ಬಂದು ಕೂತು, ಹೆದರಿ ಹೊರಗೆ ಹಾರಿದ ಮಾರ್ಟಿನ್ ಹಿಡಿಯುವುದುಂಟು. ಆದರೆ ಇದು ಅದಲ್ಲ. ಮಾರ್ಚ್‌ನಲ್ಲಿ ಕಂಬಳಿಯಾಗಿದ್ದ ಬುರುಡೆ ಟೆಕ್ಸಸ್‌ನ ಬೇಸಿಗೆಯಲ್ಲಿ ಕಾದ ಮಡಕೆ. ಒಳಗೆ ಹಳೆಯ ಹಾಸು, ಅದರ ತುಂಬ ನುಸಿ. ತೊಟ್ಟಿಲ ಕೆಲಸ ಮುಗಿದಿತ್ತು, ಹಕ್ಕಿಗಳು ಜಾಗ ಬದಲಿಸಿದ್ದವು.

ಪಕ್ಕದ ಮನೆಯವರು ನಕ್ಕು, ಕಾರು ಹತ್ತಿಸಿಕೊಂಡು ಆಸ್ಟಿನ್ ಊರೊಳಗಿನ ಒಂದು ದೊಡ್ಡ ಪಾರ್ಕಿಂಗ್ ಜಾಗಕ್ಕೆ ನಮ್ಮನ್ನು ಕರೆದೊಯ್ದರು. ಸುತ್ತ ಅಂಗಡಿ, ದೀಪ, ನಡುವೆ ಸಾಲು ಮರ. ಸೂರ್ಯ ಮುಳುಗಿದ ಕೂಡಲೇ ಆಕಾಶ ಚುಕ್ಕಿಗಳಿಂದ ತುಂಬಿತು. ಸಾವಿರಾರು ಮಾರ್ಟಿನ್‌ಗಳು ಸುಳಿಯಾಗಿ ತಿರುಗಿ, ಮೇಲಿಂದ ಸುರಿದ ಹಾಗೆ ಮರಗಳೊಳಗೆ ಇಳಿದವು. ಕಾಲು ಗಂಟೆಯಲ್ಲಿ ಆಕಾಶ ಖಾಲಿ, ಮರ ಭರ್ತಿ. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ದೂರದ ಪ್ರಯಾಣಕ್ಕೆ ಮುಂಚಿನ ಬೀಡು ಅದು. ಸೌತ್ ಕ್ಯಾರೊಲಿನಾದ ಮರ್ರೆ ಸರೋವರದ ಪುಟ್ಟ ದ್ವೀಪವೊಂದರಲ್ಲಿ ಹೀಗೆ ಲಕ್ಷಗಟ್ಟಲೆ ಮಾರ್ಟಿನ್ ಸೇರುತ್ತಿದ್ದವು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳು ಬಾಂಬ್ ಹಾಕುವ ಅಭ್ಯಾಸ ಮಾಡಿದ ದ್ವೀಪ ಅದು, ಜನ ಬಾಂಬ್ ದ್ವೀಪ ಅಂತಲೇ ಕರೆಯುತ್ತಾರೆ. 2020ರಲ್ಲಿ ನ್ಯಾಶ್‌ವಿಲ್ ಊರಿನ ಸಂಗೀತ ಭವನದ ಎದುರಿನ ಮರಗಳಿಗೆ ಸುಮಾರು ಒಂದೂವರೆ ಲಕ್ಷ ಹಕ್ಕಿ ಬಂದವು. ಹಿಕ್ಕೆ ತಾಳಲಾರದೆ ಮರ ಕಡಿಯಲು ಹೊರಟರು, ಹಕ್ಕಿಪ್ರೇಮಿಗಳು ಓಡಿಬಂದು ತಡೆದರು. ಗುಂಪಿನಲ್ಲಿ ಲಾಭವಿದೆ. ಗೂಬೆ ಒಂದು ರಾತ್ರಿಗೆ ಹಿಡಿಯುವುದು ಒಂದೆರಡನ್ನು. ಹತ್ತು ಹಕ್ಕಿಯ ನಡುವೆ ಇದ್ದರೆ ಸರದಿ ಬೇಗ ಬರುತ್ತದೆ, ಲಕ್ಷದ ನಡುವೆ ಇದ್ದರೆ ಬರುವುದೇ ಕಷ್ಟ.

ಇಂಥ ಬೀಡೇ ಒಂದು ಹಳೆಯ ಮೂಢನಂಬಿಕೆಗೆ ನೀರೆರೆಯಿತು ಅಂತ ನನಗನಿಸುತ್ತದೆ. ಯುರೋಪಿನಲ್ಲಿ ಅಂಬರಗುಬ್ಬಿಗಳು ಚಳಿಗಾಲ ಬಂದರೆ ಕೆರೆಯ ತಳಕ್ಕೆ ಹೋಗಿ ಮಲಗುತ್ತವೆ ಅಂತ ಜನ ನಂಬಿದ್ದರು. 1555ರಲ್ಲಿ ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸ್, ಬೆಸ್ತರು ಬಲೆಯಲ್ಲಿ ಮೀನಿನ ಜೊತೆ ಹಕ್ಕಿ ಎಳೆಯುವ ಚಿತ್ರವನ್ನೇ ಅಚ್ಚು ಹಾಕಿಸಿದ. 1758ರಲ್ಲಿ ಈ ಮಾರ್ಟಿನ್‌ಗೆ ವೈಜ್ಞಾನಿಕ ಹೆಸರಿಟ್ಟ ಮಹಾ ಪಂಡಿತ ಲಿನೇಯಸ್ ಕೂಡ ಅದನ್ನು ನಂಬಿದ್ದ. ಈಗ ಯೋಚಿಸಿ. ಶರತ್ಕಾಲದ ಸಂಜೆ ಸಾವಿರಾರು ಹಕ್ಕಿಗಳು ಕೆರೆಯಂಚಿನ ಆಪು, ಜೊಂಡಿನೊಳಗೆ ಇಳಿಯುತ್ತವೆ. ಜನ ನೋಡುತ್ತಾರೆ. ಬೆಳಿಗ್ಗೆ ಬಂದರೆ ಒಂದೂ ಇಲ್ಲ. ಕೆಲವು ದಿನ ಕಳೆದರೆ ಸಂಜೆಯೂ ಇಲ್ಲ. ಇಳಿದದ್ದು ಕಂಡಿದೆ, ಎದ್ದದ್ದು ಕಂಡಿಲ್ಲ. ನೀರಿಗೇ ಹೋಗಿರಬೇಕು!

ಎದ್ದದ್ದು ಕಾಣಲಿಲ್ಲ ಯಾಕೆಂದರೆ ಹಕ್ಕಿ ಏಳುವುದು ಸೂರ್ಯ ಹುಟ್ಟುವ ಮೊದಲೇ, ಮಬ್ಬುಗತ್ತಲಲ್ಲಿ. ಅದನ್ನು ಸರಿಯಾಗಿ ಕಂಡದ್ದು ರೇಡಾರ್. ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಪರದೆಗಳ ಮೇಲೆ ವಿಮಾನವಲ್ಲದ ಗುರುತುಗಳು ಮೂಡುತ್ತಿದ್ದವು. ಸೈನಿಕರು ಅವನ್ನು ‘ಏಂಜೆಲ್’ ಅಂದರು. ಅವುಗಳಲ್ಲಿ ಹಲವು ಹಕ್ಕಿಗಳು ಅಂತ 1945ರಲ್ಲಿ ವಿಜ್ಞಾನಿಗಳಾದ ಡೇವಿಡ್ ಲ್ಯಾಕ್ ಮತ್ತು ವಾರ್ಲಿ ಪ್ರಕಟಿಸಿದರು. ಹಕ್ಕಿಯ ಮೈಯಲ್ಲಿ ಹೆಚ್ಚು ಇರುವುದು ನೀರು, ಹಾಗಾಗಿ ಮಳೆಹನಿ ಹುಡುಕುವ ರೇಡಾರ್‌ಗೆ ಅದೂ ಕಾಣುತ್ತದೆ. ಅಮೆರಿಕದ ಹವಾಮಾನ ರೇಡಾರ್‌ನಲ್ಲಿ ಜುಲೈ ಬೆಳಗಿನ ಜಾವ ನೋಡಿದರೆ ಒಂದು ಚುಕ್ಕಿ ಹುಟ್ಟಿ, ಉಂಗುರವಾಗಿ, ಕೆರೆಗೆ ಕಲ್ಲು ಎಸೆದಾಗ ಅಲೆ ಹರಡುವ ಹಾಗೆ ಹಿಗ್ಗುತ್ತದೆ. ಎಲ್ಲವೂ ಒಟ್ಟಿಗೆ ಎದ್ದು ದಿಕ್ಕುದಿಕ್ಕಿಗೆ ಹೊರಟವು, ನಡುವೆ ಯಾರೂ ಉಳಿಯಲಿಲ್ಲ, ಅದಕ್ಕೇ ಉಂಗುರ. ಸಂಜೆ ಮಾತ್ರ ಉಂಗುರ ಕಾಣುವುದಿಲ್ಲ. ಜಾತ್ರೆಗೆ ಜನ ಬೇರೆ ಬೇರೆ ಹೊತ್ತಿಗೆ ಬರುತ್ತಾರೆ, ತೇರು ಎಳೆದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ ನೋಡಿ, ಹಾಗೆ. ಅಲ್ಲದೆ ಸಂಜೆ ಬರುವವು ಎಷ್ಟೋ ಸಲ ತಗ್ಗಿನಲ್ಲಿ, ರೇಡಾರ್ ಕಿರಣದ ಕೆಳಗೆ ಹಾರಿ ಬರುತ್ತವೆ.

ಕೆರೆಯ ತಳಕ್ಕಲ್ಲದೆ ಮಾರ್ಟಿನ್ ಎಲ್ಲಿಗೆ ಹೋಗಿ ಎಷ್ಟು ದಿನದಲ್ಲಿ ವಾಪಸು ಬರುತ್ತದೆ ಅಂತ ವಿವರವಾಗಿ ಹೇಳಿದ್ದು ಹಕ್ಕಿಯ ಬೆನ್ನಿಗೆ ಕಟ್ಟಿದ ಪುಟ್ಟ ಯಂತ್ರ. ಹಗಲು ರಾತ್ರಿಯ ಬೆಳಕು ಅಳೆದು ಜಾಗ ಹೇಳುವ ಯಂತ್ರ ಅದು. ಕೆನಡಾದ ವಿಜ್ಞಾನಿ ಬ್ರಿಜೆಟ್ ಸ್ಟಚ್‌ಬರಿ ತಂಡ 2009ರಲ್ಲಿ ವರದಿ ಮಾಡಿದ ಒಂದು ಹೆಣ್ಣು ಮಾರ್ಟಿನ್ ಚಳಿಗಾಲ ಕಳೆದದ್ದು ಬ್ರೆಜಿಲ್‌ನಲ್ಲಿ. ಅಲ್ಲಿಂದ ಪೆನ್ಸಿಲ್ವೇನಿಯಾದ ತನ್ನ ಪೆಟ್ಟಿಗೆಗೆ ವಾಪಸು ಬರಲು ತೆಗೆದುಕೊಂಡದ್ದು 13 ದಿನ. ದಾರಿ ಸುಮಾರು 7,500 ಕಿಲೋಮೀಟರ್.

ಪಾರ್ಕಿಂಗ್ ಜಾಗ ನೋಡಿ ಬಂದ ಮರುದಿನ ನಾನು ಕತ್ತಲಿರುವಾಗಲೇ ಎದ್ದು ಫೋನಿನಲ್ಲಿ ರೇಡಾರ್ ತೆರೆದೆ. ಆಸ್ಟಿನ್ ಮೇಲೆ ಚುಕ್ಕಿ ಮೂಡಿ, ಉಂಗುರವಾಗಿ, ನಮ್ಮ ಕಡೆ ಬರತೊಡಗಿತು. ಹಿತ್ತಿಲಿಗೆ ಓಡಿದೆ. ಪಕ್ಕದ ಮನೆಯವರು ಆಗಲೇ ಬೇಲಿ ಹತ್ತಿರ ಕಾಫಿ ಹಿಡಿದು ನಿಂತಿದ್ದರು. ಫೋನ್ ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ಬೆರಳು ಮೇಲೆ ತೋರಿಸಿದರು. ಖಾಲಿ ಬುರುಡೆಗಳಿಗಿಂತ ಬಹಳ ಎತ್ತರದಲ್ಲಿ, ಕಣ್ಣಿಗೆ ಸರಿಯಾಗಿ ನಿಲುಕದಷ್ಟು ಮೇಲೆ, ಆ ಗುಳುಗುಳು ಸದ್ದು ಹಾದುಹೋಗುತ್ತಿತ್ತು.