ಕಾಯಿಲೆ ಅವರದ್ದು, ಸುದ್ದಿ ಮಾತ್ರ ಉಳಿದವರಿಗೆಲ್ಲ

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್. ಅಕ್ಕನಿಗೆ ಗೊತ್ತು, ಭಾವನಿಗೆ ಗೊತ್ತು, ಡಾಕ್ಟರಿಗಂತೂ ಗೊತ್ತೇ ಇದೆ. ಕಾಯಿಲೆ ಯಾರಿಗಿದೆಯೋ ಅವರೊಬ್ಬರಿಗೆ ಗೊತ್ತಿಲ್ಲ. ‘ಹೇಳಿದ್ರೂ ಏನು ಅರ್ಥ ಆಗುತ್ತೆ, ಪಾಪ’ ಅಂತಾರೆ ಎಲ್ಲರೂ. ಬೌದ್ಧಿಕ ಅಸಾಮರ್ಥ್ಯ ಇರುವವರ (ಹಿಂದೆ ಬುದ್ಧಿಮಾಂದ್ಯರು ಅನ್ನುತ್ತಿದ್ದೆವು) ಕೊನೆಗಾಲದ ಆರೈಕೆಯ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಚರ್ಚೆ ಸುತ್ತಿ ಸುತ್ತಿ ಈ ‘ಪಾಪ’ದ ಹತ್ತಿರವೇ ಬರುತ್ತದೆ.

ಮೊದಲೆಲ್ಲ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬೌದ್ಧಿಕ ಬೆಳವಣಿಗೆಯನ್ನು ನಿಧಾನಗೊಳಿಸುವ ವರ್ಣತಂತು ವ್ಯತ್ಯಾಸ) ಇದ್ದವರ ಸರಾಸರಿ ಆಯಸ್ಸು 20ನೇ ಶತಮಾನದ ಆರಂಭದಲ್ಲಿ ಹತ್ತು ವರ್ಷದ ಆಸುಪಾಸು ಇತ್ತು. ಈಗ 60ರ ಹತ್ತಿರ. ಆಗ ಬದುಕಿ ಉಳಿದ ಬೌದ್ಧಿಕ ಅಸಾಮರ್ಥ್ಯದವರಲ್ಲೂ ಸಾವಿರಾರು ಜನ ಊರಾಚೆಯ ದೊಡ್ಡ ಆಸ್ಪತ್ರೆಗಳಲ್ಲೇ ದಿನ ಕಳೆದರು. 1971ರ ಸರ್ಕಾರಿ ಶ್ವೇತಪತ್ರದ ನಂತರ ಅವು ಮೆಲ್ಲಗೆ ಮುಚ್ಚಿದವು, ಅಲ್ಲಿದ್ದವರು ಊರೊಳಗಿನ ಪುಟ್ಟ ಮನೆಗಳಿಗೆ ಬಂದರು. ಅತ್ತ 1967ರಲ್ಲೇ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ತೆರೆದಿದ್ದರು. ಈ ಎರಡು ದಾರಿಗಳು ಮೂವತ್ತು ವರ್ಷ ಅಕ್ಕಪಕ್ಕ ಹೋದವು, ಕೂಡಲಿಲ್ಲ. ಹಾಸ್ಪಿಸ್ ನರ್ಸಿಗೆ ಮಾತು ಬಾರದ ರೋಗಿ ಎಂದರೆ ಅಳುಕು. ಪುಟ್ಟ ಮನೆಯ ಸಹಾಯಕರಿಗೆ ಸಾವು ಎಂದರೆ ಅಳುಕು. ಎರಡೂ ಕಡೆಯವರು ಸೇರಿ ಒಂದು ಜಾಲ ಕಟ್ಟಿಕೊಂಡದ್ದು 1998ರಲ್ಲಿ.

ನಿಜವಾದ ತಿರುವು ನಂತರದ ಹತ್ತು ವರ್ಷದ್ದು. ಇರೀನ್ ಟಫ್ರಿ-ವೈನ್ ಎಂಬ ನೆದರ್‌ಲೆಂಡ್ಸ್ ಮೂಲದ ನರ್ಸ್ ಲಂಡನ್ನಿನಲ್ಲಿ ಬೌದ್ಧಿಕ ಅಸಾಮರ್ಥ್ಯವೂ ಕ್ಯಾನ್ಸರೂ ಇದ್ದ 13 ಜನರನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಬರೀ 13 ಅನ್ನಿಸಬಹುದು. ಆದರೆ ಅವರ ಕೈಯಲ್ಲಿ ಪ್ರಶ್ನಾವಳಿ ಇರಲಿಲ್ಲ. ಮನೆಗೆ ಹೋದರು, ಆಸ್ಪತ್ರೆಗೆ ಹೋದರು, ಸುಮ್ನೆ ಜೊತೆಗೆ ಕೂತರು, ತಿಂಗಳುಗಟ್ಟಲೆ. ಅಲ್ಲಿ ಕಂಡದ್ದೇನು? ಜೀವನವಿಡೀ ಬೇರೆಯವರು ಹೇಳಿದಂತೆ ಕೇಳಿ ಬದುಕಿದವರು ಕಾಯಿಲೆ ಬಂದಾಗಲೂ ಪ್ರಶ್ನೆ ಕೇಳುತ್ತಿರಲಿಲ್ಲ. ಕೇಳದಿರುವುದನ್ನೇ ಸುತ್ತಲಿನವರು ‘ಗೊತ್ತಾಗಿಲ್ಲ’ ಎಂದು ಓದಿಕೊಂಡಿದ್ದರು. ಆದರೂ ಕಷ್ಟ ತಡೆದುಕೊಳ್ಳುವ ಗಟ್ಟಿತನ ಅವರಲ್ಲಿ ಎಲ್ಲರೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು.

ಕೆಟ್ಟ ಸುದ್ದಿ ಹೇಳಲು ಡಾಕ್ಟರುಗಳಿಗೆ ಆರು ಮೆಟ್ಟಿಲಿನ ಒಂದು ಕ್ರಮ ಇದೆ, ಸ್ಪೈಕ್ಸ್ ಅಂತ. ಕೂರಿಸಿ, ಕೇಳಿ, ಹೇಳಿ, ಸಮಾಧಾನ ಮಾಡಿ, ಒಂದೇ ಭೇಟಿಯಲ್ಲಿ ಮುಗಿಸುವಂಥದ್ದು. ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಅದು ಹೊಂದುವುದಿಲ್ಲ ಎಂದರು ಟಫ್ರಿ-ವೈನ್. ತಿಳಿವಳಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಬೇಕು, ಇಟ್ಟಿಗೆ ಜೋಡಿಸಿದ ಹಾಗೆ. ‘ಚಿಕಿತ್ಸೆ ಫಲಿಸುತ್ತಿಲ್ಲ’ ಎಂಬುದು ತಲೆಗೆ ಹತ್ತದೆ ಇರಬಹುದು. ‘ನಾಳೆಯಿಂದ ಆಸ್ಪತ್ರೆಗೆ ಹೋಗೋದು ಬೇಡ’ ಎಂಬುದು ಇವತ್ತೇ ತಿಳಿಯುತ್ತದೆ. ಎಲ್ಲವನ್ನೂ ಎಲ್ಲರಿಗೂ ಹೇಳಲೇಬೇಕು ಎಂದು ಅವರೂ ಅನ್ನಲಿಲ್ಲ. ಮುಚ್ಚಿಡುವುದಾದರೆ ಅದಕ್ಕೆ ಕಾರಣ ಇರಬೇಕು, ಅಭ್ಯಾಸ ಅಲ್ಲ, ಅಲ್ವಾ?

ನೋವಿನದೂ ಇದೇ ಕತೆ. ಕೂಗಾಡಿದರೆ ‘ಅವನು ಮೊದಲಿಂದ ಹಾಗೇ’ ಎಂದುಬಿಡುತ್ತಾರೆ. ಹೊಟ್ಟೆಯೊಳಗಿನ ಗೆಡ್ಡೆ ಹಾಗೆಯೇ ಬೆಳೆಯುತ್ತದೆ. ಇದಕ್ಕಾಗಿ ಉತ್ತರ ಇಂಗ್ಲೆಂಡಿನಲ್ಲಿ ಡಿಸ್‌ಡ್ಯಾಟ್ ಎಂಬ ಪಟ್ಟಿ ಹುಟ್ಟಿತು. ನೆಮ್ಮದಿಯಲ್ಲಿದ್ದಾಗ ಈ ವ್ಯಕ್ತಿಯ ಮುಖ, ದನಿ, ಕೂರುವ ರೀತಿ ಹೇಗೆ, ಸಂಕಟದಲ್ಲಿ ಹೇಗೆ ಎಂದು ಹತ್ತಿರದವರೇ ಮೊದಲೇ ಬರೆದಿಡುತ್ತಾರೆ. (ಬ್ರಿಟನ್ನಿನಲ್ಲಿ ಇವರ ಆರೈಕೆಗೆಂದೇ ನರ್ಸಿಂಗ್‌ನಲ್ಲಿ ಬೇರೆ ಪದವಿ ಇದೆ. ನಮ್ಮ ಬಿಎಸ್ಸಿ ನರ್ಸಿಂಗ್‌ನಲ್ಲಿ ಅಂಥ ವಿಭಾಗವಿಲ್ಲ. ಇಲ್ಲಿ ಓದಿ ಅಲ್ಲಿಗೆ ಹೋದವರು ಈ ಪಟ್ಟಿಯನ್ನು ಮೊದಲು ನೋಡುವುದು ವಾರ್ಡಿನಲ್ಲೇ ಇರಬೇಕು.)

ಲೆಕ್ಕ ಬಂದದ್ದು ಆಮೇಲೆ. 2007ರಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರ ಪರ ಕೆಲಸ ಮಾಡುವ ಮೆನ್‌ಕ್ಯಾಪ್ ಸಂಸ್ಥೆ ಆಸ್ಪತ್ರೆಗಳಲ್ಲಿ ಸತ್ತ ಅಂಥ ಆರು ಜನರ ಕತೆ ಹೊರಗೆ ತಂದಿತು. 2013ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಇಂಥವರ 247 ಸಾವುಗಳನ್ನು ಪರಿಶೀಲಿಸಿತು. ಉಳಿದ ಜನರಿಗಿಂತ ಗಂಡಸರು 13 ವರ್ಷ, ಹೆಂಗಸರು 20 ವರ್ಷ ಬೇಗ ಸತ್ತಿದ್ದರು. ಇಲ್ಲಿಂದ ಚರ್ಚೆ ಗೋಜಲಾಯಿತು. ಅದುವರೆಗೆ ಕೇಳಿದ್ದು ‘ಒಳ್ಳೆಯ ಸಾವು ಹೇಗೆ’ ಎಂದು. ಈಗ ‘ಸಾಯಬೇಕಿತ್ತೇ’ ಎಂಬುದೂ ಸೇರಿಕೊಂಡಿತು. ಉಸಿರು ನಿಂತರೆ ಮತ್ತೆ ಬದುಕಿಸಲು ಯತ್ನಿಸಬೇಡಿ ಎಂಬ ಸೂಚನೆಗೆ ಕಾರಣದ ಜಾಗದಲ್ಲಿ ‘ಡೌನ್ ಸಿಂಡ್ರೋಮ್’ ಎಂದಷ್ಟೇ ಬರೆದ ಕಡತಗಳು 2019ರಲ್ಲಿ ಬೆಳಕಿಗೆ ಬಂದವು. ಅದು ಕಾರಣವೇ ಅಲ್ಲ ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಪತ್ರ ಬರೆಯಬೇಕಾಯಿತು. ಮರುವರ್ಷ ಕೋವಿಡ್ ಬಂತು, ಅದೇ ದೂರು ಮತ್ತೆ ಎದ್ದಿತು. ಆರೈಕೆಯ ಗುಣಮಟ್ಟ ನೋಡುವ ನಿಯಂತ್ರಣ ಆಯೋಗ ಆ ಬಗ್ಗೆ ವರದಿ ಕೊಟ್ಟದ್ದು 2021ರ ಮಾರ್ಚ್‌ನಲ್ಲಿ.

ಟಫ್ರಿ-ವೈನ್ ಈಗ ಲಂಡನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಅವರ ತಂಡದಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರೂ ಸಂಬಳಕ್ಕೆ ಕೆಲಸ ಮಾಡುವ ಸಂಶೋಧಕರು. ಸಾವಿನ ಮಾತು ಎತ್ತುವುದು ಹೇಗೆ, ನಿನ್ನ ಅಂತ್ಯಕ್ರಿಯೆ ಹೇಗಿರಬೇಕು ಎಂದು ಚಿತ್ರ ತೋರಿಸಿ ಕೇಳುವುದು ಹೇಗೆ ಎಂಬುದನ್ನು ಅವರೂ ಜೊತೆಗೆ ಕೂತು ರೂಪಿಸಿದ್ದಾರೆ.