ಗರಗಸ ಮರಳುವಾಗ ಏನು ಮಾಡುತ್ತದೆ?

ಪವರ್ ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯುವ ಮೋಟಾರು ಗರಗಸ, ನಿಧಾನವಾಯಿತು ಅನಿಸಿದರೆ ಸಾಕು, ಬ್ಲೇಡ್ ಹಿಡಿದಿರುವ ಫ್ರೇಮಿನ ಮೇಲೆ ಇನ್ನೊಂದು ಕಬ್ಬಿಣದ ತುಂಡು ಹೇರಿಬಿಡುತ್ತಾರೆ. ನಾನೂ ಹೇರಿದ್ದೇನೆ. ಹತ್ತು ನಿಮಿಷಕ್ಕೆ ಬ್ಲೇಡ್ ಟಪ್ ಅಂತ ಮುರಿಯಿತು. ಭಾರ ಜಾಸ್ತಿಯಾದರೆ ಕೊಯ್ತ ಬೇಗ ಮುಗಿಯುತ್ತದೆ ಎಂಬ ನಂಬಿಕೆ ಮಾತ್ರ ಮುರಿಯುವುದೇ ಇಲ್ಲ!

ಈ ಯಂತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು ಕೊಯ್ಯದೆ ಇರುವ ಅರ್ಧ ಹೊತ್ತು. ಹೆಚ್ಚಿನ ಯಂತ್ರಗಳು ಬ್ಲೇಡನ್ನು ತಮ್ಮ ಕಡೆ ಎಳೆಯುವಾಗ ಕೊಯ್ಯುತ್ತವೆ. ಮರಳುವಾಗ ಒಂದು ಕ್ಯಾಮ್ (ಒಂದು ಕಡೆ ಉಬ್ಬಿದ ಚಕ್ರ) ಅಥವಾ ಎಣ್ಣೆಯ ಸಿಲಿಂಡರ್ ಫ್ರೇಮನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಯಾಕೆ? ಬ್ಲೇಡಿನ ಹಲ್ಲುಗಳು ಒಂದೇ ಕಡೆಗೆ ಮುಖ ಮಾಡಿದ ಪುಟ್ಟ ಉಳಿಗಳು. ಉಳಿಯ ಬೆನ್ನನ್ನು ಕಬ್ಬಿಣಕ್ಕೆ ತಿಕ್ಕಿದರೆ ಚೂರು ಏಳುವುದಿಲ್ಲ, ಉಳಿಯ ಬಾಯಿ ಮೊಂಡಾಗುತ್ತದೆ ಅಷ್ಟೆ. ನೇಗಿಲನ್ನು ಹಿಂದಕ್ಕೆ ನೂಕಿದರೆ ಉಳುಮೆ ಆಗುತ್ತದೆಯೇ? ಬೆಕ್ಕಿನ ಮೈಯನ್ನು ಬಾಲದಿಂದ ತಲೆಯ ಕಡೆಗೆ ಸವರಿ ನೋಡಿ, ಅದೂ ಇದೇ ಪಾಠ ಹೇಳುತ್ತದೆ, ಉಗುರಿನಿಂದ.

ಮೊಂಡಾದ ಹಲ್ಲು ಲೋಹಕ್ಕೆ ಇಳಿಯದೆ ಜಾರುತ್ತದೆ. ಜಾರಿದರೆ ಬಿಸಿ. ಬಿಸಿಯಾದರೆ ಇನ್ನಷ್ಟು ಮೊಂಡು. ಆಗ ನಾವು ಭಾರ ಹೇರುತ್ತೇವೆ.

ತಿರುಗುವ ಚಕ್ರದಿಂದ ಗರಗಸವನ್ನು ಹಿಂದೆ ಮುಂದೆ ಆಡಿಸುವ ಯೋಚನೆ ಹಳೆಯದು. ಇಂದಿನ ಟರ್ಕಿಯಲ್ಲಿರುವ ಹಿಯರಾಪೊಲಿಸ್‌ನಲ್ಲಿ ಕ್ರಿ.ಶ. 3ನೇ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆ ಸಿಕ್ಕಿದೆ. ನೀರಿನ ಚಕ್ರದಿಂದ ಕಲ್ಲು ಕೊಯ್ಯುವ ಗರಗಸದ ಚಿತ್ರ ಅದರ ಮೇಲಿದೆ, ಸುತ್ತನ್ನು ಹಿಂದೆ ಮುಂದಿನ ಓಟವಾಗಿಸುವ ಕ್ರ್ಯಾಂಕ್ ಮತ್ತು ಅದಕ್ಕೆ ಜೋಡಿಸಿದ ಸಲಾಕೆ ಸಮೇತ. ರೋಮನ್ನರು ಅಮೃತಶಿಲೆ ಕೊಯ್ಯುವಾಗ ನಿಜವಾಗಿ ಕಲ್ಲು ತಿನ್ನುತ್ತಿದ್ದದ್ದು ಗರಗಸದ ಅಡಿಗೆ ಹಾಕಿದ ಮರಳು. ಮರಳಿಗೆ ಹಿಂದೆ ಮುಂದೆ ಎಂಬ ಭೇದವಿಲ್ಲ, ಎರಡೂ ಕಡೆ ತಿನ್ನುತ್ತದೆ. ಮೇಲೆತ್ತುವ ತಲೆಬಿಸಿಯೇ ಇಲ್ಲ, ಅಲ್ವಾ?

ನಮ್ಮ ಮನೆ ಶೆಡ್ಡಿನ ಯಂತ್ರಕ್ಕೆ ಬರೋಣ. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಎರಡು ಹಂತದ ಪುಲ್ಲಿಗಳಲ್ಲಿ ತಲಾ ನಾಲ್ಕು ಪಟ್ಟು ಇಳಿಸಿದರೆ ಕ್ರ್ಯಾಂಕಿಗೆ ಉಳಿಯುವುದು 90. ಬ್ಲೇಡಿನ ಓಟ ಒಂದು ಕಡೆಗೆ 100 ಮಿ.ಮೀ. ಇದ್ದರೆ ವೇಗ ಸರಾಸರಿ ನಿಮಿಷಕ್ಕೆ 18 ಮೀಟರ್. ಆದರೆ ಕ್ರ್ಯಾಂಕ್ ಒಂದೇ ಸಮ ಓಡಿಸುವುದಿಲ್ಲ. ಎರಡು ತುದಿಗಳಲ್ಲಿ ಬ್ಲೇಡ್ ಒಂದು ಕ್ಷಣ ನಿಲ್ಲುತ್ತದೆ, ನಡುವೆ ಸುಮಾರು 28 ಮೀಟರ್ ವೇಗ ಮುಟ್ಟುತ್ತದೆ. ಸಾಧಾರಣ ಉಕ್ಕಿಗೆ ಇದಕ್ಕಿಂತ ಹೆಚ್ಚಿನ ಅವಸರ ಬೇಡ. ಬೆಲ್ಟಿಗೆ ಮುಚ್ಚಳ ಹಾಕಿ, ಇದರಲ್ಲಿ ಚರ್ಚೆಯೇ ಇಲ್ಲ.

ಯಾವಾಗಲೂ ಕನಿಷ್ಠ ಮೂರು ಹಲ್ಲುಗಳು ಲೋಹದ ಮೇಲಿರಬೇಕು. ಇಂಚಿಗೆ 14 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ 1.8 ಮಿ.ಮೀ. ದೂರ. 1 ಮಿ.ಮೀ. ದಪ್ಪದ ಪೈಪಿನ ಗೋಡೆ ಆ ಸಂದಿಗೆ ಸಲೀಸಾಗಿ ಬೀಳುತ್ತದೆ, ಹಲ್ಲು ಉದುರುತ್ತದೆ. ಅದಕ್ಕೇ ಚಪ್ಪಟೆ ಪಟ್ಟಿಯನ್ನು ವೈಸಿನಲ್ಲಿ (ತುಂಡನ್ನು ಬಿಗಿಹಿಡಿಯುವ ಸಾಧನ) ಮಲಗಿಸಿ ಹಿಡಿಯುವುದು, ಹೆಚ್ಚು ಹಲ್ಲುಗಳು ತಾಗಲಿ ಎಂದು. ಬ್ಲೇಡ್ ಮಧ್ಯದಲ್ಲೇ ಮುರಿದರೆ ಹೊಸದನ್ನು ಹಳೆಯ ಗೀರಿಗೆ ಇಳಿಸಬೇಡಿ. ಸವೆದ ಹಲ್ಲು ಕೊರೆದ ಸಂದು ಕಿರಿದು, ಹೊಸದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಡನ್ನು ಮಗುಚಿ ಆಚೆ ಕಡೆಯಿಂದ ಶುರುಮಾಡಿ.

ನನ್ನ ಬ್ಲೇಡ್ ಮುರಿದ ದಿನಕ್ಕೆ ವಾಪಸ್ ಬರುತ್ತೇನೆ. ಪ್ಲಗ್ ಕಿತ್ತು, ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿದೆ. ಹೊಸ ಬ್ಲೇಡಿನ ಅಡಿಗೆ ಒಂದು ಚೂರು ಕಾಗದ ಇಟ್ಟಿದ್ದೆ. ಎಳೆಯುವಾಗ ಕಾಗದ ಸಿಕ್ಕಿಕೊಳ್ಳಬೇಕು, ಮರಳುವಾಗ ಸಡಿಲವಾಗಬೇಕು. ನನ್ನದು ಎರಡೂ ಕಡೆ ಹರಿಯಿತು. ಸಿಲಿಂಡರಿನ ಮುಚ್ಚಳ ಬಿಚ್ಚಿದರೆ ಎಣ್ಣೆ ತಳ ಸೇರಿತ್ತು. ಎಣ್ಣೆ ತುಂಬಿಸಿದೆ, ಹೇರಿದ್ದ ಕಬ್ಬಿಣ ಇಳಿಸಿದೆ. ಕೊಯ್ತ ಅರ್ಧಕ್ಕೆ ನಿಂತಿದ್ದ ಅದೇ ಕಬ್ಬಿಣದ ಸಲಾಕೆ ಆ ಸಂಜೆಯೇ ಎರಡು ತುಂಡಾಯಿತು.