ಸ್ಕ್ಯಾನರ್ ಮೊದಲೋ, ಮಲ್ಟಿಮೀಟರ್ ಮೊದಲೋ?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ತನ್ನ 160 ಸಿಸಿ ಬೈಕನ್ನು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ತಂದಿದ್ದ. ಚೆಕ್ ಎಂಜಿನ್ ದೀಪ ಆಗಾಗ ಹತ್ತಿಕೊಳ್ಳುತ್ತಿತ್ತು. ತಿರುವುಗಳಲ್ಲಿ ಎಂಜಿನ್ ಒಮ್ಮೆ ಮುಗ್ಗರಿಸಿದಂತಾಗಿ ಮತ್ತೆ ತಾನಾಗಿಯೇ ಸರಿಹೋಗುತ್ತಿತ್ತು. ಬೇರೊಂದು ಕಡೆ, ಬೈಕಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿಸಿದಾಗ ಪಿ0122 ಎಂಬ ಕೋಡ್ ಬಂದಿತ್ತು. ಅದು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆದಿದೆ ಎಂದು ಅಳೆಯುವ ಥ್ರಾಟಲ್ ಪೊಸಿಷನ್ ಸೆನ್ಸರ್‌ಗೆ ಸಂಬಂಧಿಸಿದ್ದು ಎಂದು ಅಲ್ಲಿಯವರು ಸೆನ್ಸರ್ ಸಮೇತ ಥ್ರಾಟಲ್ ಬಾಡಿಯನ್ನೇ ಬದಲಿಸಿದ್ದರು. ಮೂರನೆಯ ದಿನ ದೀಪ ಮತ್ತೆ ಹತ್ತಿತು. "ಅಣ್ಣ, ಸ್ಕ್ಯಾನರ್ ಸುಳ್ಳು ಹೇಳುತ್ತದಾ?" ಎಂದು ಆತ ಕೇಳಿದ.

ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ಓದಿಕೊಂಡ ರೀತಿ ತಪ್ಪಾಗಿತ್ತು. ಥ್ರಾಟಲ್ ಸೆನ್ಸರ್‌ಗೆ ಮೂರು ವೈರುಗಳಿರುತ್ತವೆ: ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯು ಕಳಿಸುವ 5 ವೋಲ್ಟ್, ಅರ್ಥ್, ಮತ್ತು ಸೆನ್ಸರ್‌ನಿಂದ ಇಸಿಯುಗೆ ಮರಳುವ ಸಿಗ್ನಲ್. ಥ್ರಾಟಲ್ ಮುಚ್ಚಿದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್ ಇದ್ದು, ಪೂರ್ತಿ ತೆರೆದಾಗ ನಾಲ್ಕರ ಮೇಲೆ ಹೋಗುತ್ತದೆ. ಪಿ0122 ಎಂದರೆ ಆ ಸಿಗ್ನಲ್ ಇರಬೇಕಾದ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿದೆ ಎಂದಷ್ಟೇ ಅರ್ಥ. ಸೆನ್ಸರ್ ಕೆಟ್ಟಿದ್ದರೂ, 5 ವೋಲ್ಟ್ ತಲುಪದಿದ್ದರೂ, ಸಿಗ್ನಲ್ ವೈರು ಎಲ್ಲೋ ಚಾಸಿಗೆ ತಗುಲುತ್ತಿದ್ದರೂ, ವೈರುಗಳನ್ನು ಜೋಡಿಸುವ ಕಪ್ಲರ್ ಒಳಗೆ ನೀರು ಸೇರಿ ಪಿನ್ ಹಸಿರು ಹಿಡಿದಿದ್ದರೂ ಇಸಿಯುವಿಗೆ ಕಾಣುವುದು ಒಂದೇ: ವೋಲ್ಟೇಜ್ ಕಡಿಮೆ. ಕೋಡ್ ಒಂದು ಸರ್ಕ್ಯೂಟನ್ನು ಹೆಸರಿಸುತ್ತದೆ, ಆ ಸರ್ಕ್ಯೂಟಿನಲ್ಲಿ ಯಾವುದನ್ನು ಬದಲಿಸಬೇಕೆಂದು ಹೇಳುವುದಿಲ್ಲ.

ನಾವು ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ, ಅಂದರೆ ಸೆನ್ಸರುಗಳು ಆ ಕ್ಷಣದಲ್ಲಿ ಕೊಡುತ್ತಿರುವ ಅಂಕಿಗಳನ್ನು ತೆರೆದು, ಥ್ರಾಟಲ್ ಮುಟ್ಟದೆ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದೆವು. ಎಡಕ್ಕೆ ಪೂರ್ತಿ ತಿರುಗಿಸಿದಾಗ ಸಿಗ್ನಲ್ ಸೊನ್ನೆಗೆ ಬಿತ್ತು. ಇಲ್ಲಿಯವರೆಗಿನ ಕೆಲಸ ತಂತ್ರಾಂಶದ್ದು. ಆಮೇಲೆ ಬ್ಯಾಟರಿ ಬಿಚ್ಚಿ, ಸೆನ್ಸರ್ ಮತ್ತು ಇಸಿಯು ಎರಡೂ ಕಡೆಯ ಕಪ್ಲರ್ ಕಳಚಿ, ಸಿಗ್ನಲ್ ವೈರು ಮತ್ತು ಚಾಸಿಯ ನಡುವೆ ವೋಲ್ಟೇಜ್, ಓಮ್ ಅಳೆಯುವ ಮಲ್ಟಿಮೀಟರ್ ಇಟ್ಟೆವು. ಹ್ಯಾಂಡಲ್ ನೇರವಿದ್ದಾಗ ಸಂಪರ್ಕವೇ ಇಲ್ಲ. ಎಡಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ಸೊನ್ನೆ ಓಮ್, ಅಂದರೆ ವೈರು ಚಾಸಿಗೆ ತಗುಲುತ್ತಿದೆ. ಟ್ಯಾಂಕ್ ಇಳಿಸಿ ನೋಡಿದರೆ, ಹ್ಯಾಂಡಲ್‌ನ ಕುತ್ತಿಗೆಯ ಬಳಿ ವೈರಿಂಗ್ ಕಟ್ಟು ಒಂದು ಕ್ಲ್ಯಾಂಪಿಗೆ ಉಜ್ಜಿ ಸಿಪ್ಪೆ ಸವೆದಿತ್ತು. ಸ್ಲೀವ್ ಹಾಕಿ, ಕಟ್ಟನ್ನು ಸ್ವಲ್ಪ ಸಡಿಲಬಿಟ್ಟು ಬಿಗಿದೆವು. ಬದಲಿಸಿದ್ದ ಥ್ರಾಟಲ್ ಬಾಡಿಯ ಹಣ ಆ ಹುಡುಗನಿಗೆ ಮರಳಿ ಬರಲಿಲ್ಲ ಎಂಬುದು ಇಂದಿಗೂ ನನಗೆ ಬೇಸರದ ಸಂಗತಿ.

ಸ್ಕ್ಯಾನರ್ ಮೊದಲೋ, ಮಲ್ಟಿಮೀಟರ್ ಮೊದಲೋ ಎಂಬ ಪ್ರಶ್ನೆ ಈಗ ಇಷ್ಟು ಮುಖ್ಯವಾಗಲು ಕಾರಣವಿದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಹೊಗೆ ನಿಯಮ ಜಾರಿಯಾದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರ್ ಬಹುತೇಕ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿತು. ಹಳ್ಳಿಯ ಗ್ಯಾರೇಜಿಗೆ ಬರುವ 100 ಸಿಸಿ ಬೈಕಿನಲ್ಲೂ ಇಸಿಯು ಕುಳಿತಿತು. ವಾಹನವೇ ತನ್ನ ದೋಷ ಪತ್ತೆಹಚ್ಚುವ, ಆ ನಿಯಮದೊಂದಿಗೇ ಬಂದ ಒಬಿಡಿ ವ್ಯವಸ್ಥೆಯ ಮೊದಲ ಹಂತ ಹೆಚ್ಚಾಗಿ ಸರ್ಕ್ಯೂಟ್ ತುಂಡಾಗಿದೆಯೇ, ಶಾರ್ಟ್ ಆಗಿದೆಯೇ ಎಂಬುದನ್ನು ಕಾಯುತ್ತಿತ್ತು. 2023ರ ಏಪ್ರಿಲ್‌ನಿಂದ ಬಂದ ಎರಡನೆಯ ಹಂತದಲ್ಲಿ ಈ ನಿಗಾ ಇನ್ನಷ್ಟು ವಿಸ್ತಾರವಾಯಿತು. ಹಾಗಾಗಿ ಸ್ಕ್ಯಾನರ್ ಇಲ್ಲದೆ ಇಂದಿನ ಬೈಕಿನ ಕೆಲಸ ಮಾಡುತ್ತೇನೆ ಎನ್ನುವುದು ಹಟವಾಗುತ್ತದೆಯೇ ಹೊರತು ಅನುಭವದ ಮಾತಾಗುವುದಿಲ್ಲ.

ತಂತ್ರಾಂಶದಿಂದ ಮಾತ್ರ ಆಗುವ ಕೆಲಸಗಳು ನಿಜಕ್ಕೂ ಇವೆ. ದೋಷ ಕಾಣಿಸಿಕೊಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಎಂಬ ದಾಖಲೆಯನ್ನು ಹಲವು ಇಸಿಯುಗಳು ಇಟ್ಟುಕೊಂಡಿರುತ್ತವೆ. ಗ್ಯಾರೇಜಿಗೆ ಬಂದಾಗ ಮಾಯವಾಗುವ ದೋಷಕ್ಕೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಇಂಜೆಕ್ಟರ್, ಪೆಟ್ರೋಲ್ ಪಂಪ್, ರೇಡಿಯೇಟರ್ ಫ್ಯಾನ್ ಇವುಗಳನ್ನು ಎಂಜಿನ್ ನಿಲ್ಲಿಸಿಯೇ ಒಂದೊಂದಾಗಿ ಚಾಲೂ ಮಾಡಿ ನೋಡಬಹುದು. ಥ್ರಾಟಲ್ ಬಾಡಿ ಬದಲಿಸಿದ ಮೇಲೆ ಐಡ್ಲಿಂಗ್‌ನ ಬಗ್ಗೆ ಇಸಿಯು ಹಿಂದೆ ಕಲಿತಿಟ್ಟುಕೊಂಡದ್ದನ್ನು ಅಳಿಸುವುದು, ಕೀಲಿಯನ್ನು, ಗುರುತಿರದ ಕೀಲಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್‌ಗೆ ಪರಿಚಯಿಸುವುದು ಮುಂತಾದವುಗಳಿಗೆ ಅನೇಕ ಮಾದರಿಗಳಲ್ಲಿ ಕಂಪನಿಯ ಉಪಕರಣವೋ, ಬಹು ಬ್ರ್ಯಾಂಡಿನ ಒಳ್ಳೆಯ ಸ್ಕ್ಯಾನರೋ ಬೇಕೇ ಬೇಕು. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಅದರ ಕೋಡುಗಳನ್ನು ಸಾಮಾನ್ಯ ಒಬಿಡಿ ಆ್ಯಪ್‌ಗಳು ಓದುವುದಿಲ್ಲ.

ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಇಎಲ್ಎಂ327 ಮಾದರಿಯ ಅಗ್ಗದ ಅಡಾಪ್ಟರ್‌ಗಳ ಬಗ್ಗೆ ಬೈಕಿನ ಮಾಲೀಕರು ಹೆಚ್ಚು ಕೇಳುತ್ತಾರೆ. ಅವು 16 ಪಿನ್‌ನ ಕಾರಿನ ಸಾಕೆಟ್ಟಿಗೆಂದು ತಯಾರಾದವು. ಇಂದಿನ ಹಲವು ಬೈಕುಗಳಲ್ಲಿರುವುದು ಕೆಂಪು ಬಣ್ಣದ 6 ಪಿನ್ ಕಪ್ಲರ್ ಆದ್ದರಿಂದ ನಡುವೆ ಪರಿವರ್ತಕ ಕೇಬಲ್ ಬೇಕು. ಕೇಬಲ್ ಸಿಕ್ಕರೂ ನಕಲಿ ಚಿಪ್ ಇರುವ ಅಡಾಪ್ಟರ್ ಬೈಕಿನೊಂದಿಗೆ ಮಾತನಾಡದೇ ಇರಬಹುದು: ಕೆಲವು ಬೈಕುಗಳು ಎರಡು ವೈರುಗಳ ಕ್ಯಾನ್ ಜಾಲದಲ್ಲಿ, ಕೆಲವು ಕೆ-ಲೈನ್ ಎಂಬ ಒಂಟಿ ವೈರಿನಲ್ಲಿ ಸಂವಹನ ನಡೆಸುತ್ತವೆ, ಇನ್ನು ಕೆಲವು ತಮ್ಮದೇ ರೀತಿಯಲ್ಲಿ. ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಅಡಾಪ್ಟರನ್ನು ಕಪ್ಲರ್‌ನಲ್ಲೇ ಬಿಟ್ಟು ಹೋಗಬೇಡಿ. ಅದು 50 ಮಿಲಿಆಂಪ್ ಎಳೆದರೂ 5 ಆಂಪಿಯರ್ ಅವರ್ ಬ್ಯಾಟರಿ ಲೆಕ್ಕದ ಪ್ರಕಾರ 100 ಗಂಟೆಗಳಲ್ಲಿ, ಅಂದರೆ ಸುಮಾರು ನಾಲ್ಕು ದಿನಗಳಲ್ಲಿ ಬರಿದಾಗುತ್ತದೆ. ಕಾರಿನ ದೊಡ್ಡ ಬ್ಯಾಟರಿ ಇದನ್ನು ತಾಳಿಕೊಳ್ಳುತ್ತದೆ, ಬೈಕಿನದು ತಾಳುವುದಿಲ್ಲ.

ಏನೂ ಕೊಳ್ಳದೆ ಕೋಡ್ ಓದುವ ದಾರಿಯೂ ಹಲವು ಬೈಕುಗಳಲ್ಲಿದೆ. ಹೋಂಡಾದ ಅನೇಕ ಇಂಜೆಕ್ಷನ್ ಮಾದರಿಗಳಲ್ಲಿ ಸರ್ವಿಸ್ ಕಪ್ಲರ್‌ನ ಎರಡು ನಿಗದಿತ ಪಿನ್‌ಗಳನ್ನು ಜೋಡಿಸಿ ಕೀಲಿ ಆನ್ ಮಾಡಿದರೆ ಚೆಕ್ ಎಂಜಿನ್ ದೀಪವೇ ಕೋಡನ್ನು ಮಿಣುಕಿಸುತ್ತದೆ: ಉದ್ದ ಮಿಣುಕಿಗೆ ಹತ್ತು, ಗಿಡ್ಡ ಮಿಣುಕಿಗೆ ಒಂದು. ಎಂಟು ಗಿಡ್ಡ ಮಿಣುಕು ಬಂದರೆ ಥ್ರಾಟಲ್ ಸೆನ್ಸರ್ ಸರ್ಕ್ಯೂಟ್. ಒಂದು ಉದ್ದ, ಎರಡು ಗಿಡ್ಡ ಬಂದರೆ ಇಂಜೆಕ್ಟರ್. ಯಾವ ಪಿನ್‌ಗಳು ಎಂಬುದನ್ನು ಆ ಮಾದರಿಯ ಸರ್ವಿಸ್ ಮ್ಯಾನುಯಲ್ ನೋಡಿಯೇ ಜೋಡಿಸಬೇಕು, ಊಹೆಯ ಮೇಲೆ ಜೋಡಿಸಬಾರದು.

ಇಷ್ಟೆಲ್ಲ ಇದ್ದರೂ ಸೆನ್ಸರ್ ಇಲ್ಲದ ಕಡೆ ಇಸಿಯು ಕುರುಡು. "ಪಿಕಪ್ ಇಲ್ಲ, ಚಡಾವು ಎಳೆಯುವುದಿಲ್ಲ, ದೀಪವೂ ಹತ್ತಿಲ್ಲ" ಎಂದು ಬರುವ ಬೈಕುಗಳಲ್ಲಿ ಸ್ಕ್ಯಾನರ್ ಮುಂದೆ ಕುಳಿತು ಕಾಲ ಕಳೆಯುವುದನ್ನು ನಾನು ಬಿಟ್ಟಿದ್ದೇನೆ. ಟ್ಯಾಪೆಟ್, ಅಂದರೆ ವಾಲ್ವ್ ಮೇಲೆ ಬಿಡಬೇಕಾದ ಸಣ್ಣ ಸಂದು, ಬಿಗಿಯಾಗಿ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರದಿದ್ದರೆ ಯಾವ ಕೋಡೂ ಬರದೇ ಇರಬಹುದು. ಅದನ್ನು ಹೇಳುವುದು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಪೆಟ್ರೋಲ್ ಒತ್ತಡ ಹಲವು ಇಂಜೆಕ್ಷನ್ ಬೈಕುಗಳಲ್ಲಿ 3 ಬಾರ್ ಆಸುಪಾಸಿನಲ್ಲಿರಬೇಕು, ಆದರೆ ಅದನ್ನು ಅಳೆಯುವ ಸೆನ್ಸರ್ ನಮ್ಮ ಸಾಮಾನ್ಯ ಬೈಕುಗಳಲ್ಲಿಲ್ಲ. ಪಂಪಿನ ಫಿಲ್ಟರ್ ಕಟ್ಟಿ ಒತ್ತಡ ಇಳಿದಾಗ ಮಿಶ್ರಣ ತೆಳುವಾಗಿ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ), ಅದನ್ನು ಕಂಡ, ಸೈಲೆನ್ಸರಿನ ಹೊಗೆಯನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ವರದಿ ಒಪ್ಪಿಸುತ್ತದೆ. ವರದಿ ತಂದ ತಪ್ಪಿಗೆ ಅದನ್ನೇ ಬದಲಿಸಿದ ಬೈಕುಗಳನ್ನು ನಾನು ಕಂಡಿದ್ದೇನೆ. ಸೈಲೆನ್ಸರ್ ಬೆಂಡಿನ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಒಳಗೆಳೆದುಕೊಂಡರೂ ಸೆನ್ಸರ್ ಹೇಳುವುದು ಅದೇ ಮಾತು.

ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನ ವಿಚಾರದಲ್ಲಿ ಉಪಕರಣವೂ ದಾರಿ ತಪ್ಪಿಸಬಹುದು. ಒಂದೇ ಸಿಲಿಂಡರಿನ ಅನೇಕ ಎಂಜಿನ್‌ಗಳ ಕ್ಯಾಮ್ ಶಾಫ್ಟಿನಲ್ಲಿ, ಸುಲಭವಾಗಿ ಸ್ಟಾರ್ಟ್ ಆಗಲೆಂದು ನಿಧಾನ ವೇಗದಲ್ಲಿ ಎಕ್ಸಾಸ್ಟ್ ವಾಲ್ವನ್ನು ತುಸುವೇ ಎತ್ತಿ ಹಿಡಿಯುವ ಡಿಕಂಪ್ರೆಸರ್ ಇರುತ್ತದೆ. ಸೆಲ್ಫ್ ಹೊಡೆದು ಅಳೆದರೆ ಗೇಜಿನ ಮುಳ್ಳು ಕೆಳಗೇ ನಿಲ್ಲುತ್ತದೆ. ಅದನ್ನು ನೋಡಿ ಪಿಸ್ಟನ್ ರಿಂಗ್ ಸವೆದಿದೆ ಎಂದು ಒಳ್ಳೆಯ ಎಂಜಿನ್ ಬಿಚ್ಚಿದವರುಂಟು. ಆ ಮಾದರಿಯ ಮ್ಯಾನುಯಲ್‌ನಲ್ಲಿರುವ ಅಂಕಿಯೊಂದಿಗೆ ಮಾತ್ರ ಹೋಲಿಸಬೇಕು. ಇನ್ನೂ ಖಚಿತವಾದದ್ದು ಲೀಕ್ ಡೌನ್ ಪರೀಕ್ಷೆ: ಪಿಸ್ಟನ್ನನ್ನು ಕಂಪ್ರೆಷನ್ ಹಂತದ ಮೇಲ್ತುದಿಯಲ್ಲಿ ನಿಲ್ಲಿಸಿ, ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ಕೊಟ್ಟು, ಸೋರುವ ಸದ್ದು ಸೈಲೆನ್ಸರಿನಲ್ಲೋ, ಥ್ರಾಟಲ್ ಬಾಡಿಯಲ್ಲೋ, ಆಯಿಲ್ ಹಾಕುವ ಬಾಯಿಯಲ್ಲೋ ಎಂದು ಕಿವಿಗೊಟ್ಟು ಕೇಳುವುದು. ಈ ಪರೀಕ್ಷೆ ಮಾಡುವ ತಾಳ್ಮೆ ಇರುವ ಮೆಕ್ಯಾನಿಕ್‌ಗೆ ನನ್ನ ಬೈಕನ್ನು ಕಣ್ಣುಮುಚ್ಚಿ ಕೊಡುತ್ತೇನೆ.

ಸ್ಕ್ಯಾನರ್ ಹಾಕುವ ಮೊದಲೇ ನಮ್ಮಲ್ಲಿ ಬ್ಯಾಟರಿ ಅಳೆಯುತ್ತೇವೆ. ರಾತ್ರಿಯಿಡೀ ನಿಂತ ಬೈಕಿನಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ ಸುಮಾರು 10ಕ್ಕಿಂತ ಕೆಳಗಿಳಿಯಬಾರದು, ರೇಸ್ ಕೊಟ್ಟಾಗ 14ರ ಹತ್ತಿರ ಬರಬೇಕು. ವೋಲ್ಟೇಜ್ ಕುಸಿದರೆ ಇಸಿಯು ಅರೆಬರೆ ಎಚ್ಚರದಲ್ಲಿ ಸಂಬಂಧವಿಲ್ಲದ ಕೋಡುಗಳನ್ನು ಬರೆದಿಟ್ಟಿರುತ್ತದೆ, ನಾವು ಅವುಗಳ ಬೆನ್ನು ಹತ್ತುತ್ತೇವೆ. ಮಲೆನಾಡಿನ ಮಳೆಯಲ್ಲಿ ಓಡುವ ಬೈಕುಗಳಲ್ಲಿ ಅರ್ಥ್ ಜೋಡಣೆ ತುಕ್ಕು ಹಿಡಿದೂ ಹೀಗಾಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಮತ್ತು ಎಂಜಿನ್ ಮೈ ನಡುವೆ ಮೀಟರ್ ಇಟ್ಟರೆ ಅರ್ಧ ವೋಲ್ಟಿಗಿಂತ ಬಹಳ ಕಡಿಮೆ ತೋರಿಸಬೇಕು.

ಬಿಸಿಯಾದ ಮೇಲೆ ನಿಂತುಹೋಗಿ, ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಗುವ ಬೈಕಿನಲ್ಲಿ ಎಂಜಿನ್ ತಿರುಗುವುದನ್ನು ಗುರುತಿಸಿ ಇಸಿಯುಗೆ ತಿಳಿಸುವ ಪಲ್ಸರ್ ಕಾಯಿಲ್ ಮೇಲೆ ಅನುಮಾನ ಬರುತ್ತದೆ. ತಣ್ಣಗಿದ್ದಾಗ ಅದರ ಓಮ್ ಸರಿಯಾಗಿಯೇ ಇರಬಹುದು. ನಿಂತ ಕ್ಷಣದಲ್ಲೇ ಅಳೆಯಬೇಕು. ಸಾಧ್ಯವಿದ್ದರೆ ವೋಲ್ಟೇಜಿನ ಏರಿಳಿತವನ್ನು ಚಿತ್ರವಾಗಿ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ಅಲೆಯ ಆಕಾರ ನೋಡಬೇಕು.

ಕೊಳ್ಳುವವರಿಗೆ ನನ್ನ ಅಭಿಪ್ರಾಯ ನೇರವಾಗಿದೆ. ಒಂದೇ ಬೈಕು ಇರುವ ಮಾಲೀಕರು ಸಾಧಾರಣ ಡಿಜಿಟಲ್ ಮಲ್ಟಿಮೀಟರನ್ನೂ ತಮ್ಮ ಮಾದರಿಯ ವೈರಿಂಗ್ ನಕ್ಷೆಯನ್ನೂ ಮೊದಲು ಸಂಪಾದಿಸಲಿ, ಅಡಾಪ್ಟರ್ ಆಮೇಲೆ. ಗ್ಯಾರೇಜು ತೆರೆಯುವವರು ಮೀಟರ್, ಫೀಲರ್ ಗೇಜ್, ಫ್ಯೂಯೆಲ್ ಪ್ರೆಷರ್ ಗೇಜ್ ಇವುಗಳ ಜೊತೆಗೇ ಸ್ಕ್ಯಾನರಿಗೂ ಹಣ ಎತ್ತಿಡಲಿ, ಅದರ ತಂತ್ರಾಂಶದ ನವೀಕರಣಕ್ಕೆ ವರ್ಷವರ್ಷ ಕಟ್ಟಬೇಕೇ ಎಂದು ಕೊಳ್ಳುವ ಮೊದಲೇ ಕೇಳಲಿ. ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಸಿಯು ವೈರುಗಳಿಗೆ ತಾಗಿಸಬಾರದು; ಆ ಬಲ್ಬ್ ಎಳೆಯುವ ಕರೆಂಟಿಗೆ ಒಳಗಿನ ಭಾಗಗಳು ಸುಡಬಹುದು. ಇನ್ನು, ಗ್ಯಾರೇಜಿಗೆ ಬರುವ ಮೊದಲು ಮೊಬೈಲ್ ಆ್ಯಪ್‌ನಲ್ಲಿ ಕೋಡ್ ಅಳಿಸಿಕೊಂಡು ಬರುವವರು ಈಗ ಹೆಚ್ಚಾಗುತ್ತಿದ್ದಾರೆ. ದಯವಿಟ್ಟು ಅಳಿಸಬೇಡಿ. ಪರದೆಯ ಫೋಟೋ ತೆಗೆದಿಟ್ಟು, ದೀಪ ಹತ್ತಿದ್ದು ಮಳೆಯಲ್ಲೋ ಬಿಸಿಲಲ್ಲೋ, ಎಷ್ಟು ದೂರ ಓಡಿಸಿದ ಮೇಲೆ, ಯಾವ ಗೇರಿನಲ್ಲಿ ಎಂದು ಚೀಟಿಯಲ್ಲಿ ಬರೆದು ತನ್ನಿ.